ಶತಾವರಿ, ಆಸ್ಪರಾಗಸ್, ಕುಂಡದ ಫರ್ನ್: ಬೇರು ನೋಡಿ ಗುರುತಿಸಿ, ಬೇರು ಅರಿತು ಬೆಳೆಸಿ

ಬೀದರಿನ ಮನೆಗಳ ಬಾಗಿಲ ಬದಿಯ ಸಿಮೆಂಟ್ ಕುಂಡಗಳಲ್ಲಿ ಸಣ್ಣ ಸಣ್ಣ ಹಸಿರು ಕಡ್ಡಿಗಳ ಗಿಡವೊಂದು ಇಳಿಬಿದ್ದಿರುವುದನ್ನು ನೋಡಿರುತ್ತೀರಿ. ನರ್ಸರಿಯವರು ಅದನ್ನು ‘ಆಸ್ಪರಾಗಸ್’ ಎಂದು ಹೇಳಿ ಕೊಟ್ಟಿರುತ್ತಾರೆ. ಮನೆಯವರು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಶತಾವರಿಯ ಗುಣಗಾನ ಸಿಗುತ್ತದೆ, ಇನ್ನೊಂದು ಕಡೆ ದೊಡ್ಡ ಹೋಟೆಲುಗಳ ದುಬಾರಿ ತರಕಾರಿ ಕಾಣಿಸುತ್ತದೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ನಮ್ಮ ಕುಂಡದ ಬೇರನ್ನು ಕಿತ್ತು ತೇಯ್ದು ಬಾಣಂತಿಗೆ ಹಾಲಿನಲ್ಲಿ ಕೊಡಬಹುದೇ? ಇದರ ಚಿಗುರಿನ ಪಲ್ಯ ಮಾಡಬಹುದೇ? ಎರಡಕ್ಕೂ ನನ್ನ ಉತ್ತರ ಒಂದೇ: ಬೇಡ. ಯಾಕೆ ಬೇಡ ಎಂಬುದು ತಿಳಿಯಬೇಕಾದರೆ ಈ ಬಳಗದ ಗಿಡಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬರಬೇಕು.

ಬಳಗ ದೊಡ್ಡದು. ಆಸ್ಪರಾಗಸ್ ಎಂಬ ಕುಲದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಜಿಲ್ಲೆಯವರಿಗೆ ಸಂಬಂಧಪಟ್ಟವು ಮೂರು ಬಗೆ. ಮೊದಲನೆಯದು ನಮ್ಮದೇ ಕುರುಚಲು ಕಾಡಿನ ಶತಾವರಿ, ಅಂದರೆ ಆಸ್ಪರಾಗಸ್ ರೆಸಿಮೋಸಸ್. ಹಳೆಯ ತಲೆಮಾರಿನವರು ಇದನ್ನು ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಎರಡನೆಯದು ತರಕಾರಿಯ ಆಸ್ಪರಾಗಸ್, ಅಂದರೆ ಆಸ್ಪರಾಗಸ್ ಅಫಿಸಿನಾಲಿಸ್. ಮೂರನೆಯದು ದಕ್ಷಿಣ ಆಫ್ರಿಕಾದಿಂದ ಬಂದು ನಮ್ಮ ಕುಂಡಗಳಲ್ಲಿ ನೆಲೆಸಿದ ಅಲಂಕಾರದ ಗಿಡಗಳು. ‘ಫರ್ನ್’ ಎಂಬುದು ಇವಕ್ಕೆ ವ್ಯಾಪಾರದಲ್ಲಿ ಅಂಟಿಕೊಂಡ ಹೆಸರು. ನಿಜವಾದ ಫರ್ನ್ ಗಿಡ, ಅಂದರೆ ಜರೀಗಿಡ, ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಎಲೆಯ ಹಿಂಬದಿಯ ಪುಡಿಯಂಥ ಬೀಜಕಣಗಳಿಂದ ಸಂತಾನ ಬೆಳೆಸುತ್ತದೆ. ಆಸ್ಪರಾಗಸ್ ಬಳಗದ ಎಲ್ಲ ಪ್ರಭೇದಗಳೂ ಹೂ ಬಿಟ್ಟು, ಸಣ್ಣ ದುಂಡು ಹಣ್ಣು ಕಟ್ಟಿ, ಅದರೊಳಗೆ ಗಟ್ಟಿ ಕಪ್ಪು ಬೀಜ ಇಡುತ್ತವೆ.

ಎಲೆ ಎಂದು ಕಾಣುವುದು ಎಲೆಯಲ್ಲ

ಈ ಬಳಗದಲ್ಲಿ ನಾವು ಎಲೆ ಎಂದುಕೊಳ್ಳುವ ಹಸಿರು ಸೂಜಿಗಳು ನಿಜವಾಗಿ ರೂಪ ಬದಲಿಸಿದ ರೆಂಬೆಗಳು. ಸಸ್ಯಶಾಸ್ತ್ರದವರು ಇವನ್ನು ಕ್ಲ್ಯಾಡೋಡ್ ಎನ್ನುತ್ತಾರೆ. ನಿಜವಾದ ಎಲೆ ಎಲ್ಲಿದೆ ಎಂದು ನೋಡಬೇಕಾದರೆ ಸೂಜಿಗಳ ಗೊಂಚಲಿನ ಬುಡವನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಅಲ್ಲಿ ಒಣಗಿದ, ಕಂದು ಬಣ್ಣದ, ತೆಳ್ಳನೆಯ ಒಂದು ಹುರುಪೆ ಕಾಣುತ್ತದೆ. ಅದೇ ಎಲೆ. ಶತಾವರಿಯಲ್ಲಿ ಈ ಎಲೆಯ ಬುಡವೇ ಗಟ್ಟಿಯಾಗಿ ಮುಳ್ಳಾಗಿದೆ. ಎಲೆಯ ಹಾಳೆ ಅಗಲವಾಗಿದ್ದಷ್ಟೂ ಬಿಸಿಲಿಗೆ ನೀರು ಹೆಚ್ಚು ಆರಿಹೋಗುತ್ತದೆ. ಆದ್ದರಿಂದ ಬರಗಾಲದ ನೆಲದಲ್ಲಿ ಬದುಕುವ ಗಿಡ ಎಲೆಯನ್ನು ಹುರುಪೆಯ ಮಟ್ಟಕ್ಕೆ ಇಳಿಸಿ, ಅಡುಗೆಯ ಕೆಲಸವನ್ನು ಸಣ್ಣ ಕಡ್ಡಿಗಳಿಗೆ ವಹಿಸಿದೆ.

ಅದಕ್ಕಿಂತ ದೊಡ್ಡ ಏರ್ಪಾಡು ನೆಲದೊಳಗಿದೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲ ದಾಟುತ್ತಿದ್ದಂತೆ ಈ ಗಿಡಗಳು ಮಳೆಗಾಲದಲ್ಲಿ ದುಡಿದದ್ದನ್ನೆಲ್ಲ ಬೇರಿನಲ್ಲಿ ಕೂಡಿಡುತ್ತವೆ. ನೆಲದ ಮೇಲಿನ ಭಾಗ ಒಣಗಲಿ, ಆಡು ತಿನ್ನಲಿ, ಬೆಂಕಿಗೆ ಸುಡಲಿ, ಬುಡ ಮತ್ತು ಬೇರು ಉಳಿದಿದ್ದರೆ ಗಿಡ ಮತ್ತೆ ಏಳುತ್ತದೆ. ಬೀದರಿನಲ್ಲಿ ಮಳೆ ಬೀಳುವುದು ಮುಖ್ಯವಾಗಿ ಜೂನ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಉಳಿದ ತಿಂಗಳುಗಳಲ್ಲಿ ನೆಲ ಒಣಗಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ನೆಲದಲ್ಲಿ ಶತಾವರಿ ಯಾರೂ ನೀರು ಹಾಕದೆ ಬದುಕಿದೆ ಎಂದರೆ ಅದು ಬೇರಿನ ಬಲ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ, ಗುರುತಿಸುವುದಿರಲಿ, ಬೆಳೆಸುವುದಿರಲಿ, ಸುಲಭ.

ಕೈಯಲ್ಲಿ ಹಿಡಿದು ಗುರುತಿಸುವುದು

ಶತಾವರಿಯಿಂದ ಶುರು ಮಾಡೋಣ. ಶಹಾಪುರ, ಹೊನ್ನಿಕೇರಿಯಂಥ ಕುರುಚಲು ಕಾಡಿನ ಅಂಚಿನಲ್ಲಿ, ಕಾರೆ, ಬೋರೆಯ ಕಂಟಿಗಳ ಮೇಲೆ ಹಬ್ಬುವ ಬಳ್ಳಿ ಇದು. ಕಾಂಡ ಮೊದಲು ಹಸಿರು, ಬಲಿತಂತೆ ಬೂದುಗಂದು ಬಣ್ಣದ ಗಟ್ಟಿ ಕಟ್ಟಿಗೆ. ಒಂದು ತುಂಡನ್ನು ಜಾಗ್ರತೆಯಿಂದ ಕೈಗೆ ತೆಗೆದುಕೊಳ್ಳಿ. ಗೆಣ್ಣು ಗೆಣ್ಣಿಗೂ ಒಂದು ಮುಳ್ಳು, ಸುಮಾರು ಒಂದು ಸೆಂಟಿಮೀಟರ್ ಉದ್ದ, ನೇರ ಅಥವಾ ತುಸು ಕೆಳಗೆ ಬಾಗಿದ್ದು. ಮುಳ್ಳಿನ ಕಂಕುಳಲ್ಲಿ ಅಡ್ಡರೆಂಬೆ. ರೆಂಬೆಯ ಮೇಲೆ ಸೂಜಿಗಳು ಎರಡರಿಂದ ಆರರ ಗೊಂಚಲಾಗಿ ನಿಂತಿರುತ್ತವೆ. ಒಂದೊಂದೂ ಒಂದರಿಂದ ಎರಡೂವರೆ ಸೆಂಟಿಮೀಟರ್, ತುಸು ಕುಡುಗೋಲಿನ ಬಾಗು, ತುದಿ ಚೂಪು. ಸೂಜಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದರೆ ಅದು ದುಂಡಗಿಲ್ಲ, ಏಣುಗಳಿವೆ ಎಂದು ತಿಳಿಯುತ್ತದೆ. ಹೂ ಬಿಟ್ಟಾಗ ಗೊಂದಲವೇ ಇಲ್ಲ: ಸಣ್ಣ ಬಿಳಿ ಹೂಗಳು ತೆನೆತೆನೆಯಾಗಿ ಬಳ್ಳಿ ಮುಚ್ಚುವಷ್ಟು ಬರುತ್ತವೆ, ಪರಿಮಳಕ್ಕೆ ಜೇನುಹುಳು ಮುತ್ತುತ್ತವೆ. ಆಮೇಲೆ ಬಟಾಣಿಗಿಂತ ಚಿಕ್ಕ ಹಣ್ಣುಗಳು ಕಟ್ಟುತ್ತವೆ.

ಬುಡದ ಮಣ್ಣು ಸರಿಸಿದರೆ ಕಾಣುವುದು ಇನ್ನೂ ಖಚಿತವಾದ ಗುರುತು. ಒಂದೇ ಬುಡದಿಂದ ಹತ್ತಾರು, ಹಳೆಯ ಗಿಡವಾದರೆ ನೂರರ ಹತ್ತಿರ, ಬೆರಳು ಗಾತ್ರದ ಬೇರುಗಳು ಎಲ್ಲ ದಿಕ್ಕಿಗೂ ಇಳಿದಿರುತ್ತವೆ. ಎರಡೂ ತುದಿ ಸಣ್ಣ, ನಡುವೆ ದಪ್ಪ. ಉದ್ದ ಒಂದಡಿಯಿಂದ ಮೂರಡಿಯವರೆಗೂ ಹೋಗುತ್ತದೆ. ಮೇಲ್ಸಿಪ್ಪೆ ಬೂದುಬಿಳುಪು. ಒಂದನ್ನು ತೊಳೆದು ಉಗುರಿನಿಂದ ಸಿಪ್ಪೆ ಕೆರೆದರೆ ಒಳಗೆ ಬಿಳಿ, ನೀರು ತುಂಬಿದ ತಿರುಳು. ಮುರಿದರೆ ತಿರುಳು ತುಂಡಾಗುತ್ತದೆ, ಆದರೆ ನಡುವಿನ ನಾರು ತುಂಡಾಗುವುದಿಲ್ಲ. ಎಳೆದರೆ ಗಟ್ಟಿ ದಾರವಾಗಿ ಉದ್ದಕ್ಕೂ ಬರುತ್ತದೆ. ಈ ನಾರೇ ಶತಾವರಿ ಬೇರಿನ ಸಹಿ.

ಕುಂಡದ ಗಿಡಗಳಲ್ಲಿ ಹೆಚ್ಚು ಸಿಗುವುದು ಸ್ಪ್ರೆಂಗೇರಿ. ಇಟಲಿಯ ನೇಪಲ್ಸ್‌ನಲ್ಲಿ ತೋಟ ನಡೆಸುತ್ತಿದ್ದ ಜರ್ಮನ್ ಸಸ್ಯಪ್ರೇಮಿ ಕಾರ್ಲ್ ಸ್ಪ್ರೆಂಗರ್ ಯುರೋಪಿನಲ್ಲಿ ಇದನ್ನು ಹರಡಿದ್ದರಿಂದ ಆ ಹೆಸರು. ನರ್ಸರಿಗಳಲ್ಲಿ ಇದನ್ನು ಆಸ್ಪರಾಗಸ್ ಡೆನ್ಸಿಫ್ಲೋರಸ್ ಎಂದು ಬರೆದಿರುತ್ತಾರೆ. ಸಸ್ಯಶಾಸ್ತ್ರದವರು ಈಗ ಏತಿಯೋಪಿಕಸ್ ಎಂಬ ಪ್ರಭೇದಕ್ಕೆ ಸೇರಿಸುತ್ತಾರೆ. ಕಾಂಡ ಕುಂಡದ ಅಂಚು ದಾಟಿ ಇಳಿಬೀಳುತ್ತದೆ. ಇದರ ಕಡ್ಡಿಗಳು ಏಣಿನ ಸೂಜಿಗಳಾಗಿರದೆ ಚಪ್ಪಟೆಯಾಗಿ ಸಣ್ಣ ಪಟ್ಟಿಗಳಂತಿರುತ್ತವೆ. ನಡುವೆ ಒಂದು ಗೆರೆ ಕಾಣುತ್ತದೆ. ಸಣ್ಣ ಮುಳ್ಳುಗಳಿವೆ, ಕೈ ಹಾಕಿದಾಗ ಗೊತ್ತಾಗುತ್ತದೆ. ಹಣ್ಣು ಕಡುಗೆಂಪು. ಜನ ಮೋಸ ಹೋಗುವುದು ಇದರ ಬೇರಿನಲ್ಲಿ: ಕುಂಡ ಒಡೆದಾಗ ಬೇರಿನ ಉದ್ದಕ್ಕೂ ಶೇಂಗಾ ಕಾಯಿ ಗಾತ್ರದ ಬಿಳಿ ಗಂಟುಗಳು ಕಾಣುತ್ತವೆ. ‘ಗೆಡ್ಡೆ ಬಂದಾವ, ಅಂದ್ರ ಶತಾವರಿನೇ’ ಎಂದು ನಿರ್ಧರಿಸುವವರಿದ್ದಾರೆ. ಆ ಗಂಟುಗಳಲ್ಲಿ ಇರುವುದು ಹೆಚ್ಚಾಗಿ ನೀರು, ಗಿಡ ಬಾಯಾರಿಕೆ ತಡೆಯಲು ಇಟ್ಟುಕೊಂಡದ್ದು. ಶತಾವರಿಯ ಬೇರು ಬುಡದಿಂದಲೇ ನೀಳವಾಗಿ ದಪ್ಪವಾಗುತ್ತದೆ; ಸ್ಪ್ರೆಂಗೇರಿಯದು ತೆಳ್ಳನೆಯ ಬೇರಿಗೆ ಅಲ್ಲಲ್ಲಿ ಅಂಟಿದ ಗಂಟು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಸಾಕು.

ಮೈಯರ್ಸಿ ಎಂಬ ತಳಿಯನ್ನು ನರಿಬಾಲದ ಗಿಡ ಎಂದು ಮಾರುತ್ತಾರೆ. ಮೊಳ ಎತ್ತರದ ಕಾಂಡಗಳು ನೆಟ್ಟಗೆ ನಿಂತು ಸುತ್ತಲೂ ಒತ್ತಾಗಿ ಹಸಿರು ಕಡ್ಡಿ ತುಂಬಿಕೊಂಡಿರುತ್ತವೆ. ಇದನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳುವ ಸಂಭವವಿಲ್ಲ.

ಇನ್ನೊಂದು ಸೆಟೇಸಿಯಸ್, ಹಳೆಯ ಹೆಸರು ಪ್ಲುಮೋಸಸ್. ಮದುವೆಯಲ್ಲಿ ವರನ ಕೋಟಿಗೆ ಸಿಕ್ಕಿಸುವ ಗುಲಾಬಿಯ ಹಿಂದೆ ತೆಳ್ಳನೆಯ ಹಸಿರು ರೆಂಬೆಯೊಂದು ಇರುತ್ತದಲ್ಲ, ಹಲವು ಸಲ ಅದು ಇದೇ. ಅಂಗೈ ಮೇಲೆ ಇಟ್ಟರೆ ರೆಂಬೆಗಳೆಲ್ಲ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡಿರುತ್ತವೆ. ಕಡ್ಡಿಗಳು ಕೂದಲೆಳೆಯಷ್ಟು ಸಣ್ಣ, ಅರ್ಧ ಸೆಂಟಿಮೀಟರಿನ ಆಸುಪಾಸು, ಒಂದು ಗೊಂಚಲಿನಲ್ಲಿ ಎಂಟು, ಹತ್ತು, ಅದಕ್ಕೂ ಹೆಚ್ಚು. ಹಣ್ಣು ಕೆಂಪಾಗುವುದಿಲ್ಲ, ಕಪ್ಪುನೇರಳೆ ಬಣ್ಣಕ್ಕೆ ತಿರುಗುತ್ತದೆ. ಎಳೆಯದಿದ್ದಾಗ ಕುಂಡದಲ್ಲಿ ಸೌಮ್ಯವಾಗಿರುವ ಈ ಗಿಡ ವಯಸ್ಸಾದಂತೆ ಉದ್ದ ಬಳ್ಳಿ ಬಿಟ್ಟು ಕಿಟಕಿಯ ಸರಳು ಹಿಡಿಯುತ್ತದೆ.

ತರಕಾರಿಯ ಆಸ್ಪರಾಗಸ್ ಬಳ್ಳಿಯಲ್ಲ. ಮೊಳಕೆಯನ್ನು ಕೊಯ್ಯದೆ ಬಿಟ್ಟರೆ ಮೂರರಿಂದ ಐದಡಿಯ ನೆಟ್ಟನೆಯ, ಮೃದುವಾದ ಗಿಡವಾಗಿ ತಲೆ ಬಿಚ್ಚುತ್ತದೆ. ಶತಾವರಿಯಂಥ ಚುಚ್ಚುವ ಮುಳ್ಳಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೆಂಪು ಹಣ್ಣು ಹೆಣ್ಣು ಗಿಡದಲ್ಲಿ ಮಾತ್ರ. ಬೇರುಗಳು ಪೆನ್ಸಿಲ್ ಗಾತ್ರದ ಹುರಿಗಳಾಗಿ ಬುಡದಿಂದ ಸುತ್ತಲೂ ಹರಡುತ್ತವೆ, ಎಲ್ಲೂ ಗಂಟಿಲ್ಲ.

ಕಾಡಿನಿಂದ ಬೇರು ತರುವವರಿಗೆ ಒಂದು ಎಚ್ಚರಿಕೆ. ನಮ್ಮ ಕುರುಚಲು ಕಾಡು, ಬದುಗಳಲ್ಲಿ ಅಗ್ನಿಶಿಖೆಯೂ ಬೆಳೆಯುತ್ತದೆ. ಕೆಂಪು ಹಳದಿ ಜ್ವಾಲೆಯಂಥ ಹೂ ಇದ್ದಾಗ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಬಳ್ಳಿ ಒಣಗಿ ಗೆಡ್ಡೆ ಮಾತ್ರ ನೆಲದೊಳಗೆ ಉಳಿದಾಗ ಅಪಾಯ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ಜೀವಕ್ಕೇ ಎರವಾಗಬಲ್ಲದು. ಅಗ್ನಿಶಿಖೆಗೆ ಸಾಮಾನ್ಯವಾಗಿ ಒಂದು ಕಡೆ ಮಡಿಚಿದ ಕೋಲಿನಂತೆ ಕವಲೊಡೆದ ಗೆಡ್ಡೆ ಇರುತ್ತದೆ. ಬೇರುಗಳ ಗೊಂಚಲಾಗಲಿ, ಎಳೆದರೆ ಬರುವ ನಾರಾಗಲಿ ಇಲ್ಲ. ಬಳ್ಳಿಯ ಗುರುತು ಸಿಗದ ಕಾಲದಲ್ಲಿ ಗೆಡ್ಡೆಯನ್ನಷ್ಟೇ ನೋಡಿ ಕೀಳಲೇಬಾರದು.

ಮಣ್ಣಿನ ಮಾತು

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೆಂಪು, ತೂತುತೂತಾದ ಈ ಕಲ್ಲಿನ ಪದರದ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಮಳೆನೀರು ಮೇಲಿನ ಪದರದಲ್ಲಿ ಸರಸರ ಇಳಿದು ಬಂಡೆಯ ಮೇಲೆ ನಿಂತು ಪಕ್ಕಕ್ಕೆ ಜಿನುಗುತ್ತದೆ. ಗುರುನಾನಕ್ ಝರಾದಂಥ ಒರತೆಗಳಿಗೂ, ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಗೂ ಇದೇ ಆಧಾರ. ಬೇರಿನಲ್ಲಿ ದಾಸ್ತಾನು ಮಾಡುವ ಗಿಡಕ್ಕೆ ಇಂಥ ನೆಲ ಹೇಳಿ ಮಾಡಿಸಿದ್ದು. ನೀರು ಸಿಗಬೇಕು, ಆದರೆ ನಿಲ್ಲಬಾರದು; ಬೇರು ನೀಳವಾಗಿ ಇಳಿಯಲು ಸಡಿಲು ಇರಬೇಕು. ಬೀದರಿನ ಸುತ್ತಲಿನ ಕೆಂಪು ಮೊರಂ ಹೊಲಗಳಲ್ಲಿ ಬೇರೆ ಬೆಳೆ ಸೊರಗುವ ತುಂಡುನೆಲವಿದ್ದರೆ ಶತಾವರಿಗೆ ಅದೇ ಸಾಕು.

ಭಾಲ್ಕಿ, ಔರಾದ್ ಕಡೆ ಹೋದರೆ ಲೆಕ್ಕ ಬೇರೆ. ಅಲ್ಲಿ ಬಹುಪಾಲು ಎರೆ ಭೂಮಿ. ತೊಗರಿ, ಸೋಯಾ, ಕಡಲೆ, ಬಿಳಿಜೋಳಕ್ಕೆ ಚಿನ್ನದಂಥ ಮಣ್ಣು. ಆದರೆ ಶತಾವರಿಗೆ ಅದರಿಂದ ಮೂರು ತೊಂದರೆ. ಮಘಾ, ಹುಬ್ಬ ಮಳೆಯಲ್ಲಿ ನೀರು ಹಿಡಿದು ನಿಂತರೆ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದಾಗ ಬೇರು ಹರಿಯುತ್ತದೆ, ಬಿರುಕಿನಲ್ಲಿ ಒಣಗುತ್ತದೆ. ಕೊನೆಗೆ ಕೀಳುವಾಗ ಕಲ್ಲಿನಂತೆ ಗಟ್ಟಿಯಾದ ಮಣ್ಣಿನಿಂದ ಬೇರು ಇಡಿಯಾಗಿ ಬರುವುದಿಲ್ಲ, ಅಗೆಯುವ ಕೂಲಿಯೇ ಬೆಳೆಯನ್ನು ತಿಂದುಬಿಡುತ್ತದೆ. ಆದ್ದರಿಂದ ಅಪ್ಪಟ ಎರೆಯಲ್ಲಿ ಹೊಲದ ತುಂಬ ಶತಾವರಿ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಹಾಕಲೇಬೇಕಾದರೆ ಒಂದಡಿ ಎತ್ತರದ ಏರುಮಡಿ ಕಟ್ಟಿ, ಮೊರಂ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಮಡಿಗಳ ನಡುವೆ ನೀರು ಬಸಿದು ಹೋಗಲು ಕಾಲುವೆ ಬಿಡಬೇಕು. ಅದಕ್ಕಿಂತ ಒಳ್ಳೆಯ ದಾರಿ ಹೊಲದ ಬದು. ಬದುವಿನ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಮುಖ್ಯ ಬೆಳೆಯ ಜಾಗ ಹೋಗುವುದಿಲ್ಲ, ಬೇವು, ಜಾಲಿ ಏನಾದರೂ ಇದ್ದರೆ ಬಳ್ಳಿಗೆ ಆಸರೆಯೂ ಸಿಗುತ್ತದೆ.

ಶತಾವರಿ ಬೆಳೆಸುವ ಕ್ರಮ

ಬೀಜದಿಂದಲೂ ಬೆಳೆಸಬಹುದು, ಬುಡ ಸೀಳಿಯೂ ಬೆಳೆಸಬಹುದು. ಬೀಜಕ್ಕೆ ಹಣ್ಣು ಪೂರ್ತಿ ಮಾಗಿರಬೇಕು. ತಿರುಳು ತಿಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಸಿಪ್ಪೆ ಗಟ್ಟಿ ಇರುವುದರಿಂದ ಬಿತ್ತುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನ ಕೆಳಗೆ ಮರಳು, ಮಣ್ಣು, ಗೊಬ್ಬರದ ಮಿಶ್ರಣ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಿತ್ತಿದರೆ ಮೂರರಿಂದ ಆರು ವಾರದೊಳಗೆ ಮೊಳಕೆ ಬರುತ್ತದೆ. ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ; ಹುಟ್ಟಲಿಲ್ಲ ಎಂದು ಚೀಲ ಚೆಲ್ಲುವ ಆತುರ ಬೇಡ. ಹಸಿ ಆರದಂತೆ ಮೇಲೆ ತೆಳ್ಳಗೆ ಹುಲ್ಲು ಹೊದಿಸಿ.

ಹೊಲಕ್ಕೆ ನಾಟಿ ಮಾಡಲು ಪುನರ್ವಸು, ಪುಷ್ಯ ಮಳೆಯ ಹೊತ್ತು, ಅಂದರೆ ಜುಲೈ ತಿಂಗಳು, ಸರಿಯಾದದ್ದು. ಮಿರಗದ ಮೊದಲ ಮಳೆ ನಂಬಿ ನೆಟ್ಟರೆ ನಡುವೆ ಮಳೆ ಕೈಕೊಟ್ಟಾಗ ಎಳೆ ಸಸಿ ಸಾಯುತ್ತದೆ. ಎಕರೆಗೆ ನಾಲ್ಕೈದು ಟನ್ ತಿಪ್ಪೆಗೊಬ್ಬರ ಮಣ್ಣಿಗೆ ಸೇರಿಸಿ, ಏರುಸಾಲು ಮಾಡಿ, ಎರಡೂ ದಿಕ್ಕಿಗೆ 60 ಸೆಂಟಿಮೀಟರ್ ಅಂತರ ಕೊಟ್ಟರೆ ಎಕರೆಗೆ 11,000 ಸಸಿಗಳ ಹತ್ತಿರ ಹಿಡಿಯುತ್ತವೆ. ಗಿಡ ಒಂದಡಿ ಬೆಳೆದ ಮೇಲೆ ಆಸರೆ ಬೇಕು. ನಾಲ್ಕೈದು ಅಡಿಯ ಕಟ್ಟಿಗೆ ಊರಿ ಸಾಲಿನ ಉದ್ದಕ್ಕೂ ತಂತಿ ಎಳೆದರೂ ಆಯಿತು. ಆಸರೆ ಕೊಡದೆ ನೆಲದ ಮೇಲೆ ಬಿಟ್ಟರೆ ಕಡ್ಡಿಗಳು ಒಂದರ ನೆರಳಲ್ಲಿ ಒಂದು ಸಿಕ್ಕಿ ಬಿಸಿಲು ಸಾಲದೆ ಹೋಗುತ್ತದೆ. ಬಿಸಿಲು ಕಡಿಮೆಯಾದರೆ ಬೇರು ಸಣ್ಣದಾಗುತ್ತದೆ.

ಕಳೆ ತೆಗೆಯುವುದು ಮೊದಲ ವರ್ಷದ ದೊಡ್ಡ ಕೆಲಸ. ಕುರುಪಿಯಿಂದ ಮೇಲ್ಮೇಲೆ ತೆಗೆಯಿರಿ, ಬುಡದ ಹತ್ತಿರ ಆಳಕ್ಕೆ ಹಾಕಬೇಡಿ. ನೀರಿನ ವಿಷಯದಲ್ಲಿ ಈ ಗಿಡ ಬಹಳ ಬೇಡುವುದಿಲ್ಲ. ನಾಟಿ ಹಿಡಿಯುವತನಕ ತೇವ ಇರಲಿ. ಆಮೇಲೆ ಮಳೆಯಿಲ್ಲದ ತಿಂಗಳುಗಳಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ನೀರು ಕೊಟ್ಟರೆ ಬೇರು ತುಂಬಿಕೊಳ್ಳುತ್ತದೆ. ಕಾಡುಹಂದಿ, ಮುಳ್ಳುಹಂದಿಗಳಿಗೆ ಈ ಬೇರು ಪ್ರಿಯ. ಕಾಡಿನ ಅಂಚಿನ ಹೊಲವಾದರೆ ಬೇಲಿಯ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಬೇರು ಕೀಳುವುದು ನಾಟಿಯಾಗಿ 18ರಿಂದ 24 ತಿಂಗಳ ನಂತರ, ಹೂ ಹಣ್ಣು ಮುಗಿದು ಬಳ್ಳಿ ಹಳದಿಗೆ ತಿರುಗುವ ಚಳಿಗಾಲದಲ್ಲಿ. ಆಗ ಮೇಲಿನದೆಲ್ಲ ಕೆಳಗಿಳಿದು ಬೇರು ತುಂಬಿರುತ್ತದೆ. ಮಳೆಗಾಲದ ನಡುವೆ ಕಿತ್ತರೆ ಗಿಡ ತನ್ನ ದಾಸ್ತಾನು ಖರ್ಚು ಮಾಡಿ ಚಿಗುರಿಗೆ ಕೊಟ್ಟಿರುತ್ತದೆ, ಬೇರು ಜೊಳ್ಳು. ಕೀಳುವ ಹಿಂದಿನ ದಿನ ತೆಳ್ಳಗೆ ನೀರು ಬಿಟ್ಟರೆ ಮಣ್ಣು ಸಡಿಲವಾಗುತ್ತದೆ. ಬುಡದ ನಡುವೆ ಮೊಳಕೆಕಣ್ಣುಗಳಿರುವ ಗಡ್ಡೆಯನ್ನು, ಅದಕ್ಕೆ ಅಂಟಿದ ಮೂರು ನಾಲ್ಕು ಬೇರಿನ ಸಮೇತ, ಮತ್ತೆ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಿ. ಮುಂದಿನ ಮಳೆಗೆ ಅದು ಮತ್ತೆ ಗಿಡ. ಕಾಡಿನಿಂದ ಬೇರು ತರುವವರು ಬುಡವನ್ನೇ ಕಿತ್ತು ತಂದರೆ ಆ ಜಾಗದಲ್ಲಿ ಶತಾವರಿಯ ಕಥೆ ಮುಗಿಯಿತು. ಹೀಗೆ ಕಿತ್ತುಕಿತ್ತು ಹಲವು ಕಡೆ ಅದು ಅಪರೂಪವಾಗಿದೆ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ, ಯಾಕೆಂದರೆ ನಾಲ್ಕು ಬೇರು ಬಿಟ್ಟು ಬರಲು ಯಾವ ಖರ್ಚೂ ಇಲ್ಲ.

ತೊಳೆದ ಬೇರನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಕುದಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ನಡುವಿನ ನಾರು ಎಳೆದು ಹಾಕಿ, ನೆರಳಲ್ಲಿ ಗಾಳಿಯಾಡುವಂತೆ ಹರಡಬೇಕು. ಮುರಿದರೆ ಟಕ್ಕನೆ ಮುರಿಯಬೇಕು, ಬಾಗಿದರೆ ಇನ್ನೂ ಹಸಿ ಇದೆ ಎಂದರ್ಥ. ಹಾಗೇ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಹಸಿ ಬೇರಿನ ತೂಕದಲ್ಲಿ ಬಹುಪಾಲು ನೀರೇ. ಒಣಗಿದ ಮೇಲೆ ಉಳಿಯುವುದು ಹತ್ತನೇ ಒಂದು ಪಾಲಿನ ಆಸುಪಾಸು. ‘ಎಕರೆಗೆ ಇಷ್ಟು ಲಕ್ಷ’ ಎಂದು ಸಸಿ ಮಾರಲು ಬರುವವರು ಹೇಳುವ ಲೆಕ್ಕ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಕೇಳಿ. ಕೊಳ್ಳುವವರು ಯಾರು, ಯಾವ ದರಕ್ಕೆ, ಸಾಗಣೆ ಯಾರದು ಎಂಬುದು ಕಾಗದದ ಮೇಲೆ ಬರುವ ಮುಂಚೆ ಒಂದು ಸಸಿಯನ್ನೂ ನೆಲಕ್ಕೆ ಇಡಬೇಡಿ. ಎರಡು ವರ್ಷ ನೆಲ ಹಿಡಿಯುವ ಬೆಳೆ ಇದು. ಮಾರಾಟದ ದಾರಿ ಇಲ್ಲದೆ ಹಾಕಿದರೆ ಎರಡು ವರ್ಷದ ತೊಗರಿಯೂ ಹೋಗುತ್ತದೆ.

ಔಷಧದ ಮಾತು ಚಿಕ್ಕದಾಗಿ ಹೇಳುತ್ತೇನೆ. ಆಯುರ್ವೇದದಲ್ಲಿ ಶತಾವರಿಗೆ ದೊಡ್ಡ ಸ್ಥಾನವಿದೆ, ಬಾಣಂತಿಯರ ಹಾಲು ಹೆಚ್ಚಲು ಕೊಡುವ ರೂಢಿ ಹಳೆಯದು. ಬೇರಿನಲ್ಲಿ ಶತಾವರಿನ್ ಎಂಬ ಸ್ಯಾಪೋನಿನ್‌ಗಳಿವೆ. ದನಗಳ ಹಾಲು ಹೆಚ್ಚಿಸುವ ಗಿಡಮೂಲಿಕೆ ಪುಡಿಗಳಲ್ಲೂ ಇದನ್ನು ಸೇರಿಸುತ್ತಾರೆ. ದೇವಣಿ ಹಸು ಸಾಕಿದ ನಮ್ಮ ಕಡೆಯ ಮನೆಗಳಿಗೆ ಇದರಲ್ಲಿ ಆಸಕ್ತಿ ಇರುವುದು ಸಹಜ. ಎಷ್ಟು, ಯಾರಿಗೆ, ಎಷ್ಟು ದಿನ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು, ದನಕ್ಕಾದರೆ ಪಶುವೈದ್ಯರು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಮೊದಲ ಮಳೆಗೆ ಏಳುವ ಶತಾವರಿಯ ಎಳೆ ಕುಡಿಗಳನ್ನು ಕಾಡುಸೊಪ್ಪುಗಳ ಜೊತೆ ಪಲ್ಯ ಮಾಡಿ ತಿನ್ನುತ್ತಾರೆ. ಮುಳ್ಳು ಬಲಿಯುವ ಮುಂಚಿನ ಮೆತ್ತನೆಯ ತುದಿ ಮಾತ್ರ, ಗುರುತು ಖಚಿತವಾದ ಗಿಡದಿಂದ ಮಾತ್ರ.

ತರಕಾರಿಯ ಆಸ್ಪರಾಗಸ್ ಬೀದರಿನಲ್ಲಿ ಆಗುತ್ತದೆಯೇ

ಮನೆತೋಟಕ್ಕೆ ಆಗುತ್ತದೆ. ಶೀತ ದೇಶಗಳಲ್ಲಿ ಈ ಗಿಡ ಚಳಿಗಾಲದಲ್ಲಿ ಪೂರ್ತಿ ಮಲಗಿ, ವಸಂತದಲ್ಲಿ ಬೇರಿನ ದಾಸ್ತಾನಿನ ಬಲದಿಂದ ದಪ್ಪ ಮೊಳಕೆಗಳನ್ನು ಎಬ್ಬಿಸುತ್ತದೆ. ಆ ಮೊಳಕೆಯೇ ತರಕಾರಿ. ಬೀದರಿನ ಚಳಿ ಕರ್ನಾಟಕದ ಲೆಕ್ಕದಲ್ಲಿ ಜೋರು. ಕೆಲವು ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆದರೂ ಗಿಡವನ್ನು ಮಲಗಿಸಲು ಅದು ಸಾಲದು. ಚಳಿಗಾಲವೇ ಇಲ್ಲದ ಪೆರು ದೇಶದ ಮರಳುಗಾಡಿನ ಕರಾವಳಿಯಲ್ಲಿ ಇದಕ್ಕೊಂದು ಉಪಾಯ ಇದೆ: ನೀರು ನಿಲ್ಲಿಸಿಬಿಡುತ್ತಾರೆ. ಬರವೇ ಚಳಿಗಾಲದ ಕೆಲಸ ಮಾಡುತ್ತದೆ. ಪೆರು ಇಂದು ಜಗತ್ತಿಗೆ ಆಸ್ಪರಾಗಸ್ ಕಳಿಸುವ ದೊಡ್ಡ ದೇಶಗಳಲ್ಲಿ ಒಂದು. ನಮ್ಮಲ್ಲಿ ನವೆಂಬರಿನ ನಂತರ ಮಳೆ ಇಲ್ಲದಿರುವುದು ಈ ಉಪಾಯಕ್ಕೆ ಅನುಕೂಲ. ನವೆಂಬರ್ ಮಧ್ಯದಿಂದ ನೀರು ನಿಲ್ಲಿಸಿ, ಗಿಡ ಹಳದಿಯಾಗಿ ಒಣಗಿದ ಮೇಲೆ ಬುಡಕ್ಕೆ ಕೊಯ್ದು, ಗೊಬ್ಬರ ಕೊಟ್ಟು, ಜನವರಿಯಲ್ಲಿ ನೀರು ಬಿಟ್ಟರೆ ಬಿಸಿಲು ಏರುವ ಮುಂಚೆ ಮೊಳಕೆ ಸಿಗುತ್ತದೆ. ಬಿಸಿಲು ಜಾಸ್ತಿಯಾದ ಮೇಲೆ ಬಂದ ಮೊಳಕೆ ಬೇಗ ತಲೆ ಬಿಚ್ಚಿ ನಾರಾಗುತ್ತದೆ.

ಇನ್ನೊಂದು ಕ್ರಮ ತೈವಾನ್, ಥಾಯ್ಲೆಂಡ್‌ನಂಥ ಬೆಚ್ಚನೆಯ ನಾಡುಗಳದ್ದು. ಪ್ರತಿ ಬುಡದಲ್ಲಿ ಮೂರರಿಂದ ಐದು ದಪ್ಪ ಕಾಂಡಗಳನ್ನು ತಾಯಿಕಾಂಡ ಎಂದು ಬೆಳೆಯಲು ಬಿಟ್ಟು, ಅವು ದುಡಿದು ಹಾಕುತ್ತಿರುವಾಗ ಪಕ್ಕದಲ್ಲಿ ಏಳುವ ಮೊಳಕೆಗಳನ್ನು ಕೊಯ್ಯುತ್ತ ಹೋಗುವುದು. ತಾಯಿಕಾಂಡ ಮುದಿಯಾದಾಗ ಹೊಸದನ್ನು ಬಿಟ್ಟು ಹಳೆಯದನ್ನು ತೆಗೆಯುವುದು. ಮನೆತೋಟಕ್ಕೆ ನನಗೆ ಇದೇ ಹೆಚ್ಚು ಇಷ್ಟ, ವರ್ಷದಲ್ಲಿ ಹಲವು ಸಲ ಒಂದು ಹಿಡಿಯಷ್ಟಾದರೂ ಸಿಗುತ್ತದೆ.

ಬೀಜ ಕೊಳ್ಳುವಾಗ ಬೆಚ್ಚನೆಯ ಹವೆಗೆ ಹೊಂದುವ ಯುಸಿ 157 ಸಿಕ್ಕರೆ ಒಳ್ಳೆಯದು. ಮೇರಿ ವಾಷಿಂಗ್ಟನ್ ಹಳೆಯ, ಸುಲಭವಾಗಿ ಸಿಗುವ ತಳಿ. ಫೆಬ್ರುವರಿಯಲ್ಲಿ ನೆನೆಸಿ ಬಿತ್ತಿದ ಸಸಿ ಮಳೆಗಾಲದ ಹೊತ್ತಿಗೆ ನಾಟಿಗೆ ಬರುತ್ತದೆ. ಏರುಮಡಿ ಇಲ್ಲದೆ ನೆಡಬೇಡಿ. ಮೊದಲ ವರ್ಷ ಒಂದು ಮೊಳಕೆಯನ್ನೂ ಕೊಯ್ಯಬಾರದು, ಎರಡನೇ ವರ್ಷ ಕೆಲವೇ ವಾರ, ಮೂರನೇ ವರ್ಷದಿಂದ ಪೂರ್ತಿ. ಚೆನ್ನಾಗಿ ನೋಡಿಕೊಂಡರೆ ಅದೇ ಬುಡ ಹತ್ತು ವರ್ಷ ದಾಟಿಯೂ ಕೊಡುತ್ತದೆ. ಒಂದು ಗೇಣು ಎತ್ತರಕ್ಕೆ ಬಂದ, ತುದಿ ಬಿಗಿಯಾಗಿ ಮುಚ್ಚಿದ ಮೊಳಕೆಯನ್ನು ಮುಂಜಾನೆ ಕೊಯ್ದು ಅಂದೇ ಬೇಯಿಸಿ. ಕೊಯ್ದ ಗಳಿಗೆಯಿಂದಲೇ ಸಿಹಿ ಇಳಿಯತೊಡಗುತ್ತದೆ. ಇಡಲೇಬೇಕಾದರೆ ಬುಡ ನೀರಿನಲ್ಲಿರುವಂತೆ ಲೋಟದಲ್ಲಿ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. 1806ರಲ್ಲಿ ಫ್ರಾನ್ಸಿನ ವೊಕ್ಲೆನ್ ಮತ್ತು ರೊಬಿಕೆ ಎಂಬ ರಸಾಯನಶಾಸ್ತ್ರಜ್ಞರು ಇದರ ರಸದಿಂದಲೇ ಆಸ್ಪರಜಿನ್ ಅನ್ನು ಬೇರ್ಪಡಿಸಿದರು; ಜಗತ್ತಿನಲ್ಲಿ ಮೊಟ್ಟಮೊದಲು ಕೈಗೆ ಸಿಕ್ಕ ಅಮೈನೊ ಆಮ್ಲ ಅದು.

ಕುಂಡದ ಗಿಡಗಳ ಆರೈಕೆ

ಇವಕ್ಕೆ ಬೆಳಕು ಬೇಕು, ಮಧ್ಯಾಹ್ನದ ಬಿಸಿಲು ಬೇಡ. ಪೂರ್ವದ ಕಟ್ಟೆ, ಪಡಸಾಲೆಯ ಅಂಚು ಸರಿಯಾದ ಜಾಗ. ಬೀದರಿನ ಮಾರ್ಚ್ ಬಿಸಿಲಿಗೆ ಬಯಲಲ್ಲಿಟ್ಟರೆ ಕಡ್ಡಿಗಳು ಹಳದಿಯಾಗಿ ಕಾಲ ಕೆಳಗೆ ಉದುರುತ್ತವೆ. ಕತ್ತಲ ಕೋಣೆಯಲ್ಲಿಟ್ಟರೂ ಉದುರುತ್ತವೆ. ಎರಡು ಸಂದರ್ಭಕ್ಕೂ ಮದ್ದು ಒಂದೇ: ಒಣಗಿದ ಕಾಂಡಗಳನ್ನು ಬುಡಕ್ಕೆ ಕತ್ತರಿಸಿ, ಜಾಗ ಬದಲಿಸಿ, ಹದವಾಗಿ ನೀರು ಹಾಕಿ. ಬೇರಿನಲ್ಲಿ ದಾಸ್ತಾನು ಇರುವುದರಿಂದ ಹೊಸ ಚಿಗುರು ಬರುತ್ತದೆ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಸೆಟೇಸಿಯಸ್‌ಗೆ ಸ್ಪ್ರೆಂಗೇರಿಯಷ್ಟು ಬರ ತಡೆಯುವ ಶಕ್ತಿ ಇಲ್ಲ, ಅದಕ್ಕೆ ಬೇಸಿಗೆಯಲ್ಲಿ ಹೆಚ್ಚು ಗಮನ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಡ್ಡಿಗಳು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿ ಸಣ್ಣ ಬಲೆ ಕಂಡರೆ ಅದು ನುಸಿ. ಎರಡು ದಿನಕ್ಕೊಮ್ಮೆ ಜೋರಾಗಿ ನೀರು ಚಿಮುಕಿಸಿ ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ.

ಎರಡು ವರ್ಷಕ್ಕೊಮ್ಮೆ ಬೇರು ಕುಂಡ ತುಂಬಿ, ಮಣ್ಣಿಗೆ ಜಾಗವಿಲ್ಲದೆ, ನೀರು ಹಾಕಿದ್ದು ಹಾಗೇ ಹೊರಗೆ ಹರಿಯುತ್ತದೆ. ಮಣ್ಣಿನ ಕುಂಡವನ್ನು ಒಡೆದೇಬಿಡುವಷ್ಟು ಒತ್ತಡ ಆ ಬೇರಿಗಿದೆ. ಜೂನ್‌ನಲ್ಲಿ, ಗಾಳಿಯಲ್ಲಿ ತೇವ ಬಂದ ಮೇಲೆ, ಗಿಡ ಹೊರತೆಗೆದು ಚೂಪು ಚಾಕುವಿನಿಂದ ಬುಡವನ್ನು ಎರಡು ಮೂರು ಪಾಲು ಮಾಡಿ. ಪ್ರತಿ ಪಾಲಿಗೂ ಕಾಂಡ ಮತ್ತು ಬೇರು ಎರಡೂ ಇರಲಿ. ಗಂಟುಗಳನ್ನು ಮಾತ್ರ ಕಿತ್ತು ನೆಟ್ಟರೆ ಗಿಡ ಬರುವುದಿಲ್ಲ, ಮೊಳಕೆಯ ಕಣ್ಣು ಇರುವುದು ಬುಡದಲ್ಲಿ. ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಮುಳ್ಳಿನ ಜೊತೆಗೆ ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕೆಂಪು ಹಣ್ಣು ಮಕ್ಕಳನ್ನು ಸೆಳೆಯುತ್ತದೆ. ತಿಂದರೆ ಹೊಟ್ಟೆನೋವು, ವಾಂತಿ ಆಗಬಹುದು. ನಾಯಿ ಬೆಕ್ಕುಗಳಿಗೂ ಹಾಗೆಯೇ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಣ್ಣು ಕಾಣಿಸುತ್ತಲೇ ತೆಗೆದುಹಾಕಿ.

ಬೇಡವಾದ ಗಿಡವನ್ನು ಹಳ್ಳಕ್ಕೋ ಕಾಡಿನ ಅಂಚಿಗೋ ಎಸೆಯಬೇಡಿ. ಆಸ್ಟ್ರೇಲಿಯಾದಲ್ಲಿ ಹೀಗೆ ತೋಟದಾಚೆ ಹೋದ ಸ್ಪ್ರೆಂಗೇರಿಯ ಹಣ್ಣನ್ನು ಹಕ್ಕಿಗಳು ಹರಡಿ, ಅದು ಇಡೀ ದೇಶದ ಮಟ್ಟದಲ್ಲಿ ಹೋರಾಡಬೇಕಾದ ಕಳೆಗಳ ಪಟ್ಟಿಗೆ ಸೇರಿದೆ. ಹಣ್ಣು ಬೇರೆ ತೆಗೆದು, ಬುಡವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಇಷ್ಟಾದರೂ ಕೈಯಲ್ಲಿರುವ ಗಿಡದ ಬಗ್ಗೆ ಅನುಮಾನ ಉಳಿದರೆ ಬೀದರಿನಲ್ಲೇ ಕೇಳುವ ಜಾಗಗಳಿವೆ. ಅರಣ್ಯ ಇಲಾಖೆಯ ದೇವದೇವ ವನ ಔಷಧ ಸಸ್ಯಗಳ ತೋಟ. ಅಲ್ಲಿ ಹೋಗಿ ಹೋಲಿಸಿ ನೋಡಬಹುದು. ಬಾಗಲಕೋಟೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ನಗರದಲ್ಲಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಹೋಗುವಾಗ ಬರೀ ಒಂದು ಎಳೆ ತುದಿ ಒಯ್ದರೆ ಪ್ರಯೋಜನವಿಲ್ಲ. ಬಲಿತ ಕಾಂಡದ ಒಂದು ಗೇಣು, ಮುಳ್ಳು ಮತ್ತು ಕಡ್ಡಿಗಳ ಗೊಂಚಲು ಸಮೇತ. ಹೂವೋ ಹಣ್ಣೋ ಇದ್ದರೆ ಅದು. ಮಣ್ಣು ಕೊಡವಿದ ಒಂದೆರಡು ಬೇರು. ಎಲ್ಲಿ, ಯಾವ ಮಣ್ಣಿನಲ್ಲಿ, ಬಳ್ಳಿಯಾಗಿ ಹಬ್ಬಿತ್ತೋ ನೆಟ್ಟಗೆ ನಿಂತಿತ್ತೋ ಎಂಬ ಚೀಟಿ. ಒದ್ದೆ ಕಾಗದದಲ್ಲಿ ಸುತ್ತಿ ಅಂದೇ ತಲುಪಿಸಿದರೆ ಬೀದರ್, ಭಾಲ್ಕಿ, ಔರಾದ್ ಎಲ್ಲಿಂದ ತಂದರೂ ಗುರುತು ಹೇಳುವವರಿಗೆ ಸಾಕಾಗುತ್ತದೆ.